ಕೋಣ, ಎತ್ತುಗಳ ಕಾಲುರಜ್ಜುವಿನ ಪೆಟ್ಟಿಗೆ ಅಳತೆಯ ನಡಿಗೆ

ಗದ್ದೆ ಉಳುವ ಎತ್ತಿಗಾಗಲಿ, ಗಾಡಿ ಎಳೆಯುವ ಎತ್ತಿಗಾಗಲಿ, ಕಂಬಳದ ಕರೆಯಲ್ಲಿ ಓಡುವ ಕೋಣಕ್ಕಾಗಲಿ ಬೆಲೆ ಇರುವುದು ಅದರ ಕಾಲುಗಳಿಂದ. ಮೈ ಎಷ್ಟೇ ಪುಷ್ಟವಾಗಿದ್ದರೂ ಒಂದು ಕಾಲು ಕುಂಟಿದರೆ ಜೋಡಿಯೇ ಕೆಟ್ಟಂತೆ. ಕಾಲಿನ ತೊಂದರೆಗಳಲ್ಲಿ ಮೂಳೆ ಮುರಿತ ಎಲ್ಲರಿಗೂ ಕಾಣುತ್ತದೆ, ಗೊರಸಿನ ಹುಣ್ಣೂ ಕಾಣುತ್ತದೆ. ಆದರೆ ಮೊಣಕಾಲಿನ ಕೆಳಗೆ ಹಿಂಬದಿಯಲ್ಲಿ ಹಗ್ಗದಂತೆ ಇಳಿದಿರುವ ಸ್ನಾಯುರಜ್ಜುವಿಗೆ ಆಗುವ ಪೆಟ್ಟು ಬಹಳ ಸಲ ಲೆಕ್ಕಕ್ಕೆ ಬರುವುದಿಲ್ಲ. "ನರ ಎಳೆದಿದೆ, ನಾಲ್ಕು ದಿನದಲ್ಲಿ ಸರಿಹೋಗುತ್ತದೆ" ಎಂದು ಬಿಡುವವರುಂಟು. ಬರೆ ಹಾಕಿಸುವವರುಂಟು. ತಿಂಗಳುಗಟ್ಟಲೆ ಹಟ್ಟಿಯಲ್ಲಿ ಕಟ್ಟಿಹಾಕಿ, ಊತ ಇಳಿದ ಮರುದಿನವೇ ಓಡಿಸುವವರೂ ಉಂಟು. ಈ ಮೂರು ದಾರಿಗಳೂ ಪ್ರಾಣಿಯನ್ನು ಕೆಡಿಸುವ ದಾರಿಗಳೇ.

ಮನುಷ್ಯರ ಹಿಮ್ಮಡಿಯ ರಜ್ಜು ನೋವಿಗೆ ವೈದ್ಯರು ಕಳೆದ ಕೆಲವು ದಶಕಗಳಿಂದ ವ್ಯಾಯಾಮವನ್ನೇ ಮುಖ್ಯ ಚಿಕಿತ್ಸೆಯಾಗಿ ಬಳಸುತ್ತಿದ್ದಾರೆ. ಇದೇ ತತ್ವ ರೇಸು ಕುದುರೆಗಳ ಚಿಕಿತ್ಸೆಯಲ್ಲೂ ನೆಲೆಯೂರಿದೆ. ನಮ್ಮ ಕರಾವಳಿಯಲ್ಲಿ ಕುದುರೆಗಳು ಕಡಿಮೆ. ಆದರೆ ಓಡುವ ಕೋಣಗಳಿವೆ. ಈಗ ಮಂಗಳೂರು ಮಹಾನಗರಪಾಲಿಕೆಯೊಳಗೆ ಸೇರಿರುವ ಕಾವೂರು, ಮರಕಡ, ಕುಂಜತ್ತಬೈಲು ಕಡೆಯವರಿಗೆ ಪಕ್ಕದ ಬಂಗ್ರಕೂಳೂರಿನ ರಾಮ-ಲಕ್ಷ್ಮಣ ಜೋಡುಕರೆ ಕಂಬಳ ಪರಿಚಿತವೇ. ಆದುದರಿಂದ ಮನುಷ್ಯನಿಂದ ಕುದುರೆಗೆ ಬಂದ ಈ ತಿಳಿವಳಿಕೆಯಲ್ಲಿ ಕೋಣ, ಎತ್ತು ಸಾಕುವ ರೈತ ಬಾಂಧವರು ಯಾವುದನ್ನು ತೆಗೆದುಕೊಳ್ಳಬಹುದು, ಯಾವುದನ್ನು ಬಿಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರಜ್ಜು ಎಂದರೇನು?

ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಬಿಳಿಯ, ಗಟ್ಟಿಯಾದ ಪಟ್ಟಿಯೇ ಸ್ನಾಯುರಜ್ಜು. ಜನ ಇದನ್ನು 'ನರ' ಎನ್ನುವುದುಂಟು. ಆದರೆ ನರ ಬೇರೆ, ರಜ್ಜು ಬೇರೆ. ನರ ಸುದ್ದಿ ಸಾಗಿಸುತ್ತದೆ, ರಜ್ಜು ಭಾರ ಎಳೆಯುತ್ತದೆ. ರಜ್ಜುವಿನ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ನೀರು. ಉಳಿದುದರಲ್ಲಿ ಹೆಚ್ಚಿನ ಪಾಲು ಕೊಲಾಜೆನ್ ಎಂಬ ಸಸಾರಜನಕದ ಎಳೆಗಳು. ತೆಂಗಿನ ನಾರನ್ನು ಹೊಸೆದ ಹಗ್ಗದಲ್ಲಿ ಎಳೆಗಳು ಒಂದೇ ದಿಕ್ಕಿಗೆ ಇರುವಂತೆ ಇಲ್ಲಿಯೂ ಎಳೆಗಳು ಉದ್ದುದ್ದಕ್ಕೆ ಸಾಲಾಗಿರುತ್ತವೆ. ಹಗ್ಗದ ಬಲವೆಲ್ಲ ಈ ಸಾಲಿನಲ್ಲಿದೆ. ಅದೇ ನಾರನ್ನು ಮುದ್ದೆ ಮಾಡಿ ಇಟ್ಟರೆ ಗಾತ್ರ ದೊಡ್ಡದಾಗುತ್ತದೆ, ಬಲ ಬರುವುದಿಲ್ಲ.

ಪೆಟ್ಟಾದ ರಜ್ಜುವಿನ ಕಥೆಯೂ ಇದೇ. ಮೊದಲ ಕೆಲವು ದಿನ ರಕ್ತ ಜಿನುಗಿ ಊತ, ಬಿಸಿ ಕಾಣಿಸುತ್ತದೆ. ಬಳಿಕ ಕೆಲವು ವಾರ ದೇಹವು ಹೊಸ ಎಳೆಗಳನ್ನು ತುಂಬುತ್ತದೆ. ಈ ಎಳೆಗಳು ತೆಳ್ಳಗೆ, ದಿಕ್ಕುದೆಸೆಯಿಲ್ಲದೆ ಹರಡಿಕೊಂಡಿರುತ್ತವೆ. ಆಮೇಲೆ ತಿಂಗಳುಗಟ್ಟಲೆ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ, ಅವು ನಿಧಾನವಾಗಿ ಸಾಲುಗೂಡಿ ಗಟ್ಟಿಯಾಗುತ್ತವೆ. ಮಾಂಸಖಂಡಕ್ಕೆ ಇರುವಷ್ಟು ರಕ್ತ ಸಂಚಾರ ರಜ್ಜುವಿಗೆ ಇಲ್ಲದಿರುವುದರಿಂದ ಈ ಕೆಲಸ ಬಲು ನಿಧಾನ. ಗಮನಿಸಬೇಕಾದ ಮಾತೊಂದಿದೆ: ಊತ ಮತ್ತು ಕುಂಟು ಕೆಲವು ವಾರಗಳಲ್ಲಿ ಹೋಗಬಹುದು, ರಜ್ಜು ಗಟ್ಟಿಯಾಗಲು ತಿಂಗಳುಗಳು ಬೇಕು. ಈ ಎರಡರ ನಡುವಿನ ಅವಧಿಯಲ್ಲೇ ಹೆಚ್ಚಿನ ಪ್ರಾಣಿಗಳು ಎರಡನೆಯ ಸಲ ಪೆಟ್ಟು ತಿನ್ನುತ್ತವೆ.

ಮನುಷ್ಯರಿಗೆ ಕೊಡುವ ವ್ಯಾಯಾಮ

1998ರಲ್ಲಿ ಸ್ವೀಡನ್ನಿನ ಆಲ್ಫ್ರೆಡ್ಸನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಹಿಮ್ಮಡಿಯ ರಜ್ಜು ಬಹುಕಾಲದಿಂದ ನೋಯುತ್ತಿದ್ದ ಓಟಗಾರರಿಗೆ ಒಂದು ಸರಳ ವ್ಯಾಯಾಮವನ್ನು ಕೊಟ್ಟು ಫಲಿತಾಂಶ ಪ್ರಕಟಿಸಿದರು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಲ್ಲುವುದು, ಭಾರವನ್ನು ನೋವಿರುವ ಕಾಲಿನ ಮೇಲೆ ಬಿಟ್ಟು ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗೆ ಇಳಿಸುವುದು, ಮೇಲೇರಲು ಇನ್ನೊಂದು ಕಾಲನ್ನು ಬಳಸುವುದು. ಮೊಣಕಾಲು ನೇರವಾಗಿಟ್ಟು 15ರಂತೆ 3 ಸರದಿ, ಸ್ವಲ್ಪ ಬಾಗಿಸಿ 15ರಂತೆ 3 ಸರದಿ, ಹೀಗೆ ದಿನಕ್ಕೆ ಎರಡು ಸಲ. ದಿನಕ್ಕೆ ಒಟ್ಟು 180 ಇಳಿತಗಳು, 12 ವಾರ. ಸುಲಭವೆನಿಸಿದಾಗ ಬೆನ್ನಚೀಲದಲ್ಲಿ ಭಾರ ಹಾಕಿಕೊಳ್ಳಬೇಕು. ಇಲ್ಲಿ ರಜ್ಜು ಭಾರ ಹೊತ್ತುಕೊಂಡೇ ಹಿಗ್ಗುತ್ತದೆ.

ಈ ಇಳಿತದಲ್ಲೇ ಏನೋ ಮಂತ್ರವಿದೆ ಎಂದು ಕೆಲಕಾಲ ಭಾವಿಸಲಾಗಿತ್ತು. ಆದರೆ 2015ರಲ್ಲಿ ಡೆನ್ಮಾರ್ಕಿನ ಸಂಶೋಧಕರು ವಾರಕ್ಕೆ ಮೂರೇ ದಿನ, ಹೆಚ್ಚು ಭಾರವನ್ನು ನಿಧಾನವಾಗಿ ಏರಿಸಿ ಇಳಿಸುವ ವ್ಯಾಯಾಮವನ್ನು ಇದರೊಂದಿಗೆ ಹೋಲಿಸಿದರು. ಎರಡರ ಫಲವೂ ಸಮನಾಗಿ ಬಂದಿತು. ಆದುದರಿಂದ ಮಂತ್ರ ಇರುವುದು ಇಳಿತದಲ್ಲಲ್ಲ. ಭಾರವನ್ನು ಅಳತೆ ಮಾಡಿ ಕೊಡುವುದರಲ್ಲಿ, ಮೆಲ್ಲಮೆಲ್ಲನೆ ಹೆಚ್ಚಿಸುವುದರಲ್ಲಿ, ನಡುವೆ ಬಿಡುವು ಕೊಡುವುದರಲ್ಲಿ ಇದೆ. ರಜ್ಜುವಿನೊಳಗಿನ ಜೀವಕೋಶಗಳು ಎಳೆತವನ್ನು ಗುರುತಿಸುತ್ತವೆ. ಎಳೆತ ಬಿದ್ದ ದಿಕ್ಕಿನಲ್ಲೇ ಹೊಸ ಎಳೆಗಳನ್ನು ಜೋಡಿಸುತ್ತವೆ. ಎಳೆತವೇ ಇಲ್ಲದಿದ್ದರೆ ಎಳೆಗಳು ಮುದ್ದೆಯಾಗಿಯೇ ಉಳಿಯುತ್ತವೆ. ಎಳೆತ ಅತಿಯಾದರೆ ಕೂಡಿಕೊಂಡದ್ದೂ ಹರಿಯುತ್ತದೆ. ಇನ್ನೊಂದು ಸಂಗತಿ: ಬಲವಾದ ವ್ಯಾಯಾಮದ ನಂತರ ಮೊದಲ ಒಂದು ದಿನ ರಜ್ಜುವಿನಲ್ಲಿ ಸವೆತ ಹೆಚ್ಚು, ಅದರ ಮುಂದಿನ ಒಂದೆರಡು ದಿನ ಕಟ್ಟುವ ಕೆಲಸ ಹೆಚ್ಚು. ಬಿಡುವಿಲ್ಲದೆ ದಿನವೂ ಓಡಿಸಿದರೆ ಸವೆತವೇ ಮುಂದಾಗುತ್ತದೆ.

ಕುದುರೆಗೆ ಅದು ಬಂದ ಬಗೆ

ಕುದುರೆಯನ್ನು ಮೆಟ್ಟಿಲಿನ ಅಂಚಿನಲ್ಲಿ ನಿಲ್ಲಿಸಿ ಹಿಮ್ಮಡಿ ಇಳಿಸು ಎನ್ನಲಾಗದು. ಅದರ ಅಗತ್ಯವೂ ಇಲ್ಲ. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಎನ್ನುವುದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮನಾದ ಕೀಲು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ಮೂಳೆಯ ತುದಿ ನಮ್ಮ ಹಿಮ್ಮಡಿಗೆ ಸಮ. ಎಂದರೆ ಈ ಪ್ರಾಣಿಗಳು ಬೆರಳ ತುದಿಯ ಮೇಲೆ ನಡೆಯುತ್ತವೆ. ಕುದುರೆ ನಡುಬೆರಳೊಂದರ ಮೇಲೆ, ದನ ಮತ್ತು ಎಮ್ಮೆ ಮೂರನೆಯ ಹಾಗೂ ನಾಲ್ಕನೆಯ ಬೆರಳುಗಳ ಮೇಲೆ. ಕಾಲೂರಿದಾಗ ಗೊರಸಿನ ಮೇಲಿನ ಗೆಣ್ಣು ಭಾರಕ್ಕೆ ಕೆಳಗೆ ಕುಸಿಯುತ್ತದೆ, ಹಿಂಬದಿಯ ರಜ್ಜುಗಳು ಸ್ಪ್ರಿಂಗಿನಂತೆ ಹಿಗ್ಗಿ ಅದನ್ನು ಮೇಲೆತ್ತುತ್ತವೆ. ಹಿಮ್ಮಡಿ ಇಳಿಸುವ ವ್ಯಾಯಾಮದಲ್ಲಿ ಮನುಷ್ಯನ ರಜ್ಜು ಮಾಡುವ ಕೆಲಸವನ್ನು ಕುದುರೆಯ ರಜ್ಜು ಪ್ರತಿ ಹೆಜ್ಜೆಗೂ ಮಾಡುತ್ತಿರುತ್ತದೆ. ಆದ್ದರಿಂದ ಕುದುರೆಗೆ ನಡಿಗೆಯೇ ವ್ಯಾಯಾಮ. ಭಾರದ ಅಳತೆಯನ್ನು ನಡಿಗೆಯ ನಿಮಿಷ ಮತ್ತು ವೇಗಗಳಿಂದ ಮಾಡಬೇಕು.

ರೇಸು ಕುದುರೆಗಳಲ್ಲಿ ಹೆಚ್ಚಾಗಿ ಪೆಟ್ಟಾಗುವುದು ಮುಂಗಾಲಿನ ಹಿಂಬದಿಯ ಎರಡು ರಜ್ಜುಗಳಲ್ಲಿ ಹೊರಗಿನದಕ್ಕೆ. ನಾಗಾಲೋಟದಲ್ಲಿ ಈ ರಜ್ಜುವಿನ ಒಡಲಿನ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದನ್ನು ಅಳೆದಿದ್ದಾರೆ. 1980ರ ದಶಕದಿಂದ ಅಲ್ಟ್ರಾಸೌಂಡ್ ಯಂತ್ರದಲ್ಲಿ ರಜ್ಜುವಿನ ಒಳಗನ್ನು ನೋಡುವುದು ಸಾಧ್ಯವಾದ ಮೇಲೆ, ಹೊರಗೆ ಊತ ಇಳಿದ ಬಳಿಕವೂ ಒಳಗೆ ಗಾಯ ಉಳಿದಿರುವುದು ಕಣ್ಣಿಗೆ ಕಂಡಿತು. ಕುದುರೆ ವೈದ್ಯರು ಅನುಸರಿಸುವ ಒಂದು ಸಾಮಾನ್ಯ ಕ್ರಮ ಹೀಗಿದೆ:

1 ಮತ್ತು 2ನೇ ವಾರ: ಲಾಯದಲ್ಲಿ ವಿಶ್ರಾಂತಿ, ತಣ್ಣೀರು ಮತ್ತು ಪಟ್ಟಿ.
3ನೇ ವಾರ: ಕೈಯಲ್ಲಿ ಹಿಡಿದು ದಿನಕ್ಕೆ 10 ನಿಮಿಷ ನಡಿಗೆ.
4ರಿಂದ 10ನೇ ವಾರ: ವಾರಕ್ಕೆ 5 ನಿಮಿಷದಂತೆ ಹೆಚ್ಚಿಸಿ 45 ನಿಮಿಷದವರೆಗೆ.
12ನೇ ವಾರದ ಹೊತ್ತಿಗೆ: ಮತ್ತೆ ಅಲ್ಟ್ರಾಸೌಂಡ್ ಪರೀಕ್ಷೆ.
13ರಿಂದ 16ನೇ ವಾರ: 40 ನಿಮಿಷ ನಡಿಗೆ, 5 ನಿಮಿಷ ದುಡುಕು ನಡೆ.
ಮುಂದೆ: ನಾಲ್ಕು ನಾಲ್ಕು ವಾರಕ್ಕೊಮ್ಮೆ ದುಡುಕು ನಡೆಯನ್ನು 5 ನಿಮಿಷ ಹೆಚ್ಚಿಸಿ, ನಡಿಗೆಯನ್ನು ಅಷ್ಟೇ ಇಳಿಸುವುದು.
9 ತಿಂಗಳ ನಂತರ: ನಿಧಾನದ ಓಟ. ಪೂರ್ತಿ ಓಟ ಸುಮಾರು ಒಂದು ವರ್ಷದ ಹೊತ್ತಿಗೆ.

ಮನುಷ್ಯನಿಗೂ ಪ್ರಾಣಿಗೂ ಎರಡು ದೊಡ್ಡ ವ್ಯತ್ಯಾಸಗಳಿವೆ. ಮನುಷ್ಯನ ಹಿಮ್ಮಡಿ ನೋವು ಸಾಮಾನ್ಯವಾಗಿ ಬಹುಕಾಲದ ಸವೆತ. ಓಡುವ ಪ್ರಾಣಿಯಲ್ಲಿ ಸವೆತದ ಮೇಲೆ ಒಂದು ದಿನ ಎಳೆಗಳು ಹರಿದೇ ಹೋಗಿರುತ್ತವೆ. ಆದುದರಿಂದ ಮೊದಲ ವಾರಗಳಲ್ಲಿ ಮನುಷ್ಯನ ಲೆಕ್ಕದ ಭಾರ ಸಲ್ಲದು. ಎರಡನೆಯದಾಗಿ, ಮನುಷ್ಯ ತನ್ನ ನೋವನ್ನು ಹತ್ತರಲ್ಲಿ ಎಷ್ಟು ಎಂದು ಹೇಳಬಲ್ಲ. ಸಹಿಸುವಷ್ಟು ನೋವಿದ್ದು ಮರುದಿನ ಬೆಳಗ್ಗೆ ಅದು ಇಳಿದರೆ ವ್ಯಾಯಾಮ ಮುಂದುವರಿಸಬಹುದೆಂದು ಅವನಿಗೆ ಹೇಳುತ್ತಾರೆ. ಪ್ರಾಣಿ ಹೇಳಲಾರದು. ಅದರ ಪರವಾಗಿ ಯಜಮಾನನ ಕೈ ಮತ್ತು ಕಣ್ಣು ಹೇಳಬೇಕು.

ಕೋಣ ಮತ್ತು ಎತ್ತುಗಳಿಗೆ

ಕಂಬಳದ ಓಟದ ವೇಗ ಸಣ್ಣದಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಮುಟ್ಟಿದುದು ದೇಶವೆಲ್ಲ ಸುದ್ದಿಯಾಯಿತು. ಗಂಟೆಗೆ ಸುಮಾರು 38 ಕಿಲೋಮೀಟರು ವೇಗ. ಆ ವೇಗದಲ್ಲಿ ಕೆಸರಿನಿಂದ ಪ್ರತಿ ಸಲ ಕಾಲು ಕಿತ್ತು ಊರುವಾಗ ಓಟಗಾರನ ಹಿಮ್ಮಡಿ ರಜ್ಜುವಿಗೂ ಕೋಣದ ಕಾಲುರಜ್ಜುವಿಗೂ ಬೀಳುವ ಎಳೆತ ಹೆಚ್ಚಿನದೇ. ಕೋಣದಲ್ಲಿ ಈ ರಜ್ಜುಗಳು ಕೆಳಗೆ ಕವಲೊಡೆದು ಎರಡೂ ಗೊರಸುಗಳಿಗೆ ಸೇರುವುದರಿಂದ, ಒಂದೇ ಗೊರಸು ಆಳಕ್ಕೆ ಹೂತರೆ ಆ ಕವಲಿನ ಮೇಲೆ ಎಳೆತ ಹೆಚ್ಚುತ್ತದೆ.

ಗುರುತಿಸುವ ಬಗೆ: ಎರಡೂ ಮುಂಗಾಲುಗಳನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಒಂದು ಇನ್ನೊಂದಕ್ಕಿಂತ ಬಿಸಿಯಾಗಿದೆಯೇ? ಮೊಣಕಾಲಿನ ಕೆಳಗೆ ಹಿಂಬದಿಯ ನೇರ ಗೆರೆ ಬಿಲ್ಲಿನಂತೆ ಉಬ್ಬಿದೆಯೇ? ಕಾಲನ್ನು ಎತ್ತಿ ಹಿಡಿದು ರಜ್ಜುವನ್ನು ಮೆಲ್ಲನೆ ಹಿಸುಕಿದಾಗ ಪ್ರಾಣಿ ಕಾಲು ಸೆಳೆದುಕೊಳ್ಳುತ್ತದೆಯೇ? ಇವುಗಳಲ್ಲಿ ಒಂದಿದ್ದರೂ ಆ ದಿನದಿಂದಲೇ ಓಟ, ಉಳುಮೆ ನಿಲ್ಲಿಸಿ ಪಶುವೈದ್ಯರಿಗೆ ತೋರಿಸತಕ್ಕದ್ದು. ಗೊರಸಿನಲ್ಲಿ ಮುಳ್ಳು, ಕೀವು ಇಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಎಮ್ಮೆಗಳ ಗಬ್ಬ ಪರೀಕ್ಷೆಗೆ ಬಳಸುವ ಅಲ್ಟ್ರಾಸೌಂಡ್ ಯಂತ್ರದಿಂದಲೇ ರಜ್ಜುವನ್ನೂ ನೋಡಲು ಸಾಧ್ಯವಿದೆ ಎಂಬುದು ರೈತರಿಗೆ ತಿಳಿದಿರಲಿ.

ಮೊದಲ ಎರಡು ವಾರ: ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ 15ರಿಂದ 20 ನಿಮಿಷ ಕಾಲನ್ನು ತಂಪು ಮಾಡಬೇಕು. ಬಾವಿಯ ತಣ್ಣೀರನ್ನು ಪೈಪಿನಲ್ಲಿ ಬಿಡಬಹುದು. ಮೀನುಗಾರಿಕೆಯಿಂದಾಗಿ ಮಂಗಳೂರಿನ ಸುತ್ತ ಐಸ್ ಸುಲಭವಾಗಿ ದೊರೆಯುತ್ತದೆ. ಅದನ್ನು ಪುಡಿಮಾಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಬೇಕು, ಬರಿಯ ಚರ್ಮಕ್ಕೆ ಒತ್ತಬಾರದು. ಬಳಿಕ ದಪ್ಪ ಹತ್ತಿಯ ಮೇಲೆ ಸಮನಾಗಿ ಪಟ್ಟಿ ಸುತ್ತಬೇಕು. ಪಟ್ಟಿಯ ಕೆಳಗೆ ಊತ ಬಂದರೆ ಅದು ಬಿಗಿಯಾಯಿತೆಂದು ಅರ್ಥ. ಹಟ್ಟಿಯ ನೆಲ ಜಾರದಂತೆ ಬೈಹುಲ್ಲು ಹಾಸಬೇಕು. ಕೆಲಸವಿಲ್ಲದ ಕೋಣಕ್ಕೆ ಓಟದ ಕಾಲದಷ್ಟೇ ಹುರುಳಿ ಬೇಯಿಸಿ ಹಾಕಿದರೆ ಮೈ ಭಾರ ಏರಿ ಅದೇ ಕಾಲಿಗೆ ಹೊರೆಯಾಗುತ್ತದೆ. ಆದುದರಿಂದ ಹಿಂಡಿ, ಹುರುಳಿ ಕಡಿಮೆ ಮಾಡಿ ಹುಲ್ಲು ಕೊಡುವುದು ಒಳ್ಳೆಯದು.

ನಂತರದ ನಡಿಗೆ: ಮೇಲಿನ ವಾರಗಳ ಪಟ್ಟಿ ಕುದುರೆಗಾಗಿ ಮಾಡಿದ್ದು. ಅದನ್ನು ಕನಿಷ್ಠ ಕಾಲವೆಂದು ಎಣಿಸಿ, ಕೋಣದ ಕಾಲು ಏನು ಹೇಳುತ್ತದೋ ಅದರಂತೆ ಪಶುವೈದ್ಯರ ಸಲಹೆ ಪಡೆದು ನಡೆಯಬೇಕು. ನಡಿಗೆ ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಕೆಸರುಗದ್ದೆ, ಆಳದ ಮರಳು, ಮುರಕಲ್ಲಿನ ಏರುಪೇರು ಬೇಡ. ಕಾವೂರಿನಂಥ ಕಡೆ ರಸ್ತೆಯಲ್ಲಿ ವಾಹನಗಳ ಓಡಾಟ ಹೆಚ್ಚಿರುವುದರಿಂದ ಬೆಳಗಿನ ಜಾವವೇ ಅನುಕೂಲ. ಹಗ್ಗ ಗಿಡ್ಡಗೆ ಹಿಡಿದು, ಪ್ರಾಣಿ ನೆಗೆಯದಂತೆ ನಡೆಸಬೇಕು. ಒಂದೇ ನೆಗೆತ ಒಂದು ತಿಂಗಳ ಕೆಲಸವನ್ನು ಕೆಡಿಸಬಲ್ಲದು.

ಬೆಳಗಿನ ಪರೀಕ್ಷೆ: ಇದೇ ಇಡೀ ಚಿಕಿತ್ಸೆಯ ಜೀವ. ಪ್ರತಿದಿನ ನಡಿಗೆಗೆ ಮುನ್ನ ಎರಡೂ ಕಾಲು ಮುಟ್ಟಿ ಬಿಸಿ ನೋಡಬೇಕು. ದರ್ಜಿಯ ಟೇಪಿನಿಂದ ಒಂದೇ ಜಾಗದಲ್ಲಿ ಸುತ್ತಳತೆ ತೆಗೆದು ಪುಸ್ತಕದಲ್ಲಿ ಬರೆದಿಡಬೇಕು. ನಡಿಗೆ ಹೆಚ್ಚಿಸಿದ ಮರುದಿನ ಬಿಸಿ, ಊತ ಅಥವಾ ಕುಂಟು ಕಂಡರೆ ಹಿಂದಿನ ವಾರದ ಅಳತೆಗೆ ಇಳಿದು ಒಂದು ವಾರ ಅಲ್ಲೇ ನಿಲ್ಲಬೇಕು. ಕಾಣದಿದ್ದರೆ ಮುಂದಕ್ಕೆ ಹೋಗಬಹುದು.

ಈಜು: ಕಂಬಳದ ಕೋಣಗಳನ್ನು ಈಜಿಸುವ ರೂಢಿ ಒಳ್ಳೆಯದೇ. ನೀರಿನಲ್ಲಿ ಕಾಲಿನ ಮೇಲೆ ಭಾರ ಬೀಳದೆ ಎದೆ ಮತ್ತು ಮಾಂಸಖಂಡಗಳ ದಮ್ಮು ಉಳಿಯುತ್ತದೆ. ಆದರೆ ಭಾರ ಬೀಳದಿರುವುದರಿಂದಲೇ ರಜ್ಜುವಿನ ಎಳೆಗಳಿಗೆ ಸಾಲುಗೂಡುವ ಪ್ರೇರಣೆಯೂ ಸಿಗುವುದಿಲ್ಲ. ಈಜಿ ಪುಷ್ಟವಾದ ಕೋಣ ನೋಡಲು ಓಟಕ್ಕೆ ಸಿದ್ಧವಾಗಿರುತ್ತದೆ, ಅದರ ರಜ್ಜು ಸಿದ್ಧವಾಗಿರುವುದಿಲ್ಲ. ಆದ್ದರಿಂದ ಈಜು ನಡಿಗೆಯ ಜೊತೆಗಿರಲಿ, ನಡಿಗೆಯ ಬದಲಿಗೆ ಬೇಡ. ನೀರಿಗಿಳಿಯುವ ದಡ ಜಾರದಂತಿರಬೇಕು.

ಎತ್ತುಗಳಿಗೆ ಇದೇ ಕ್ರಮ. ಮೂರು ತಿಂಗಳ ನಡಿಗೆಯ ಬಳಿಕ ಬರಿಗಾಡಿ, ಆಮೇಲೆ ಅರೆಹೊರೆ, ಕೊನೆಗೆ ಉಳುಮೆ. ಒದ್ದೆ ಗದ್ದೆಯ ಉಳುಮೆ ಎಲ್ಲಕ್ಕಿಂತ ಕೊನೆಯದು.

ಋತುವಿನ ಲೆಕ್ಕ

ಕಂಬಳದ ಕಾಲ ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚಿಯವರೆಗೆ. ಜನವರಿಯಲ್ಲಿ ರಜ್ಜು ಹರಿದ ಕೋಣಕ್ಕೆ ಮಾರ್ಚಿಗೆ ಎರಡೇ ತಿಂಗಳು. ಅಷ್ಟರಲ್ಲಿ ಕುಂಟು ಹೋಗಿರುತ್ತದೆ, ರಜ್ಜು ಕೂಡಿರುವುದಿಲ್ಲ. ಆ ಋತು ಮುಗಿಯಿತೆಂದೇ ತಿಳಿಯಬೇಕು. ಮುಂದಿನ ನವೆಂಬರಿಗೆ ಹತ್ತು ತಿಂಗಳು ತುಂಬುತ್ತವೆ. ಆಗಲೂ ಋತುವಿನ ಮೊದಲ ಕೂಟಗಳನ್ನು ಬಿಟ್ಟು, ಪರೀಕ್ಷೆ ಮಾಡಿಸಿ ಮುಂದುವರಿಯುವುದು ಜಾಣತನ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ದಾರಿ ಜಾರುವುದರಿಂದ ಆ ತಿಂಗಳುಗಳಿಗೆ ಸುರಕ್ಷಿತವಾದ ನಡಿಗೆಯ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಒಂದು ಕೂಟದ ಪದಕಕ್ಕಾಗಿ ಅವಸರಪಟ್ಟು ನಾಲ್ಕಾರು ವರ್ಷ ಓಡಬಲ್ಲ ಕೋಣವನ್ನು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಮಾಡಬಾರದ ಕೆಲಸಗಳು

ಬರೆ: ಕಾದ ಕಬ್ಬಿಣದಿಂದ ಬರೆ ಹಾಕಿದರೆ ಕಾಲು ಗಟ್ಟಿಯಾಗುತ್ತದೆಂಬ ನಂಬಿಕೆ ನಮ್ಮಲ್ಲಿರುವಂತೆ ಇಂಗ್ಲೆಂಡಿನ ಕುದುರೆಗಾರರಲ್ಲೂ ಇತ್ತು. ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 1983ರಲ್ಲಿ ವರದಿ ಪ್ರಕಟಿಸಿದರು. ಬರೆಯಿಂದ ರಜ್ಜುವಿಗೆ ಯಾವ ಲಾಭವೂ ಕಂಡುಬರಲಿಲ್ಲ. ಬರೆಯ ನಂತರ ಪ್ರಾಣಿ ಗುಣವಾದರೆ, ಗುಣ ಮಾಡಿದ್ದು ಬರೆಯ ನೆಪದಲ್ಲಿ ಸಿಕ್ಕಿದ ವಿಶ್ರಾಂತಿಯೇ ಹೊರತು ಬೆಂಕಿಯಲ್ಲ.

ನೋವು ಅಡಗಿಸಿ ಓಡಿಸುವುದು: ಚುಚ್ಚುಮದ್ದಿನಿಂದ ಕುಂಟು ಮರೆಯಾಗುತ್ತದೆ, ಹರಿದ ಎಳೆ ಕೂಡುವುದಿಲ್ಲ. ನೋವಿನ ಔಷಧಿಯನ್ನು ಅಂಗಡಿಯಿಂದ ತಂದು ಕೊಡಲೇಬಾರದು. ರಣಹದ್ದುಗಳ ನಾಶಕ್ಕೆ ಕಾರಣವಾದ ಡೈಕ್ಲೊಫೆನಾಕನ್ನು ಪಶುಗಳಿಗೆ ಬಳಸುವುದನ್ನು ಭಾರತದಲ್ಲಿ 2006ರಲ್ಲಿಯೂ, ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್‌ಗಳನ್ನು 2023ರಲ್ಲಿಯೂ ನಿಷೇಧಿಸಲಾಗಿದೆ. ಹದ್ದಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮ್ ಇದೆ. ಅದನ್ನೂ ಪಶುವೈದ್ಯರೇ ಅಳತೆ ನೋಡಿ ಕೊಡಬೇಕು.

ಗಾಯಾಳು ಪ್ರಾಣಿಯಿಂದ ದುಡಿಸುವುದು: 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಇದು ಅಪರಾಧ. ಕಂಬಳಕ್ಕೆ ಅವಕಾಶ ನೀಡಿದ ಕರ್ನಾಟಕದ 2017ರ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯವು 2023ರ ಮೇ 18ರಂದು ಎತ್ತಿಹಿಡಿಯಿತು. ಆ ಅವಕಾಶ ಉಳಿಯುವುದು ಕೋಣಗಳ ಕ್ಷೇಮವನ್ನು ಯಜಮಾನರು ಎಷ್ಟು ಕಾಯುತ್ತಾರೆಂಬುದರ ಮೇಲೆ.

ರಜ್ಜು ಕತ್ತರಿಸಿದ್ದರೆ

ನೇಗಿಲಿನ ಗುಳ, ಟಿಲ್ಲರಿನ ಅಲಗು, ಕತ್ತಿ ತಗಲಿ ರಜ್ಜು ತುಂಡಾಗುವುದುಂಟು. ಇಲ್ಲಿ ನಡಿಗೆಯ ಮಾತೇ ಇಲ್ಲ. ಕಾಲೂರಿದಾಗ ಗೊರಸಿನ ತುದಿ ಮೇಲಕ್ಕೆ ಎದ್ದರೆ ಒಳರಜ್ಜು, ಗೆಣ್ಣು ನೆಲದ ಕಡೆಗೆ ಕುಸಿದರೆ ಹಿಂಬದಿಯ ಆಧಾರವೇ ಕತ್ತರಿಸಿದೆ ಎಂದು ತಿಳಿಯಬಹುದು. ಶುದ್ಧ ಬಟ್ಟೆಯಿಂದ ಒತ್ತಿ ರಕ್ತ ನಿಲ್ಲಿಸಿ, ಹತ್ತಿ ಸುತ್ತಿ, ಬಿದಿರಿನ ದಬ್ಬೆಗಳಿಂದ ಕಾಲನ್ನು ಅಲುಗದಂತೆ ಕಟ್ಟಿ, ತಡಮಾಡದೆ ಪಶುವೈದ್ಯರನ್ನು ಕರೆಸಬೇಕು. ಸೀಮೆಎಣ್ಣೆ, ಬೂದಿ, ಸುಣ್ಣ ಹಾಕಬಾರದು. ಸಂಚಾರಿ ಪಶುಚಿಕಿತ್ಸೆಗೆ 1962 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಹೊಲಿಗೆ, ಕಟ್ಟುಗಳ ಕಾಲ ಮುಗಿದ ಮೇಲೆ ವೈದ್ಯರು ಹೇಳಿದ ದಿನದಿಂದ ನಡಿಗೆ ಆರಂಭ.

ಒಟ್ಟಿನಲ್ಲಿ, ಹರಿದ ರಜ್ಜುವಿಗೆ ಬೇಕಾದುದು ದುಬಾರಿ ಔಷಧಿಗಿಂತ ಮೊದಲು ಸರಿಯಾದ ವಿಶ್ರಾಂತಿ, ನಂತರ ಗಡಿಯಾರ ನೋಡಿ ನಡೆಸುವ ನಡಿಗೆ. ಇದಕ್ಕೆ ಖರ್ಚು ಕಡಿಮೆ, ತಾಳ್ಮೆ ಹೆಚ್ಚು ಬೇಕು. ಹಗ್ಗ ಹಿಡಿದು ದಿನವೂ ಹತ್ತು ನಿಮಿಷ ನಡೆಸಬಲ್ಲವನು, ಹಟ್ಟಿಯ ಗೋಡೆಗೆ ಒಂದು ಕ್ಯಾಲೆಂಡರು ತೂಗುಹಾಕಿ ಕಾಲಿನ ಅಳತೆ ಬರೆಯಬಲ್ಲವನು ತನ್ನ ಜೋಡಿಯನ್ನು ಉಳಿಸಿಕೊಳ್ಳುತ್ತಾನೆ.